ದಾನದ ಮಾಸು ಸಂಗ್ರಹಿಸುವ ಟೆಕ್ನಿಷಿಯನ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಹೆರಿಗೆಯಾದ ತಾಯಂದಿರು ದಾನವಾಗಿ ಕೊಡುವ ಮಾಸನ್ನು (ಪ್ಲಾಸೆಂಟಾ) ಪಡೆದು, ದಾನದ ಅಂಗಾಂಶಗಳನ್ನು ಪರೀಕ್ಷಿಸಿ ಸಂಸ್ಕರಿಸಿ ಕಾಪಿಡುವ ಬೆಂಗಳೂರಿನ ಟಿಶ್ಯೂ ಬ್ಯಾಂಕಿಗೆ ಮುಟ್ಟಿಸುವುದು ನನ್ನ ಉದ್ಯೋಗ. ಮದುವೆ ಮನೆಯ ಪಂಕ್ತಿಯಲ್ಲಿ, ವಾರ್ಡಿನ ವರಾಂಡದಲ್ಲಿ, ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ಕೇಳುವವು

ನಿಮ್ಮ ಕೆಲಸ ಅಂದರೆ ನಿಜವಾಗಿ ಏನು? ನೀವು ನರ್ಸಾ, ಲ್ಯಾಬಿನವರಾ?

ಎರಡರ ಗಡಿಯಲ್ಲಿರುವ ಕೆಲಸ ಇದು. ಮಗುವಿನ ಹಿಂದೆಯೇ ಹೊರಬರುವ ಮಾಸು ಮತ್ತು ಮಗು ತೇಲುತ್ತಿದ್ದ ನೀರನ್ನು ಹಿಡಿದಿಟ್ಟಿದ್ದ ಪೊರೆ, ಇವನ್ನು ತಾಯಿಯ ಲಿಖಿತ ಒಪ್ಪಿಗೆಯ ಮೇರೆಗೆ ಸೋಂಕು ತಗಲದಂತೆ ಪಡೆದು, ಗುರುತಿನ ಸಂಖ್ಯೆ ಅಂಟಿಸಿ, ತಂಪಿನಲ್ಲಿಟ್ಟು, ನಿಗದಿತ ಗಂಟೆಗಳೊಳಗೆ ಬ್ಯಾಂಕಿಗೆ ತಲುಪಿಸಬೇಕು. ಹೆರಿಗೆ ಮಾಡಿಸುವುದರಲ್ಲಿ ನನ್ನ ಪಾತ್ರವಿಲ್ಲ; ತಾಯಿಯನ್ನಾಗಲಿ ಮಗುವನ್ನಾಗಲಿ ನಾನು ಮುಟ್ಟುವುದೇ ಇಲ್ಲ. ದಿನದ ಬಹುಪಾಲು ಹೊತ್ತು ಹೋಗುವುದು ಕಾಯುವುದರಲ್ಲಿ, ನಮೂನೆಗಳನ್ನು ತುಂಬುವುದರಲ್ಲಿ, ಮತ್ತು "ಇದು ನಮಗೆ ಬೇಡ" ಎಂದು ತೀರ್ಮಾನಿಸುವುದರಲ್ಲಿ. ತರಬಾರದ್ದನ್ನು ಬಿಟ್ಟು ಬರಲು ಕಲಿತವರೇ ಈ ಕೆಲಸದಲ್ಲಿ ಪಳಗಿದವರು ಎಂಬುದು ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು. ಖಾಲಿ ಡಬ್ಬಿಯೊಂದಿಗೆ ಊರಿಗೆ ಮರಳುವ ದಿನಗಳು ಕಡಿಮೆಯೇನಿಲ್ಲ.

ಅದು ಕಸ ತಾನೇ? ಬಿಸಾಡೋದನ್ನ ಹೊತ್ಕೊಂಡು ಹೋಗಿ ಏನು ಮಾಡ್ತೀರ?

ಹಸು ಕರು ಹಾಕಿದಾಗ "ಕಸ ಬಿತ್ತಾ" ಎಂದು ಕೇಳುವ ಮಾತೇ ನಮ್ಮ ಕಡೆ ಹೆಂಗಸರ ಹೆರಿಗೆಗೂ ಬಂದಿರುವುದರಿಂದ ಈ ಪ್ರಶ್ನೆ ಸಹಜ. ಆಸ್ಪತ್ರೆಯ ಲೆಕ್ಕದಲ್ಲಿಯೂ ದಾನವಾಗದ ಮಾಸು ತ್ಯಾಜ್ಯವೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಹಳದಿ ಚೀಲಕ್ಕೆ ಹೋಗುತ್ತದೆ. ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಸಾಮಾನ್ಯವಾಗಿ ಸುಟ್ಟು ನಾಶ ಮಾಡಲಾಗುತ್ತದೆ.

ಆದರೆ ಅದೇ ಮಾಸಿನ ಮಗುವಿನ ಕಡೆಯ ಮೈಗೆ ಆಮ್ನಿಯಾಟಿಕ್ ಪೊರೆ ಎಂಬ ತೆಳು ಹೊದಿಕೆ ಇರುತ್ತದೆ. ಈರುಳ್ಳಿಯ ಪದರಗಳ ನಡುವೆ ಬಿಡಿಸಿದರೆ ಬರುವ ಪಾರದರ್ಶಕ ಪೊರೆಯನ್ನು ನೆನಪಿಸಿಕೊಂಡರೆ ಅದರ ಅಂದಾಜು ಸಿಗುತ್ತದೆ. ಅದರಲ್ಲಿ ರಕ್ತನಾಳವಿಲ್ಲ, ನರವಿಲ್ಲ. 1910ರಲ್ಲಿ ಅಮೆರಿಕದ ವೈದ್ಯರೊಬ್ಬರು ಅದನ್ನು ಚರ್ಮದ ಕಸಿಗೆ ಬಳಸಿದರು. 1940ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೂ ಬಂತು. ನಡುವೆ ಬಹುತೇಕ ಮರೆತುಹೋಗಿದ್ದ ಈ ವಿಧಾನ 1995ರಿಂದೀಚೆಗೆ ಮತ್ತೆ ಚಾಲ್ತಿಗೆ ಬಂತು. ಈಗ ರಾಸಾಯನಿಕದಿಂದ ಸುಟ್ಟ ಕಣ್ಣು, ಕಣ್ಣಿನ ಮೇಲೆ ಬೆಳೆಯುವ ಮಾಂಸದ ಪೊರೆಯನ್ನು ತೆಗೆದ ಜಾಗ, ಸುಟ್ಟ ಗಾಯ, ಬಹಳ ಕಾಲದಿಂದ ಮಾಯದ ಹುಣ್ಣು, ಇವಕ್ಕೆಲ್ಲ ಅದನ್ನು ಹೊದಿಸುತ್ತಾರೆ.

ನಮ್ಮ ಎರಡೂ ಜಿಲ್ಲೆಗಳಲ್ಲಿ ರೇಷ್ಮೆ ಸಾಕುವವರಿಗೆ ಇದನ್ನು ವಿವರಿಸುವುದು ಸುಲಭ. ಹುಳು ಮನೆಯ ಶುದ್ಧೀಕರಣಕ್ಕೆ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬಳಸದವರಿಲ್ಲ. ಸುಣ್ಣ ಕ್ಷಾರವಾದ್ದರಿಂದ ಕಣ್ಣಿಗೆ ಬಿದ್ದರೆ ಆಳಕ್ಕೆ ಇಳಿಯುತ್ತಾ ಸುಡುತ್ತದೆ. (ಬಿದ್ದ ಕ್ಷಣವೇ ಧಾರಾಳ ನೀರಿನಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೊಳೆದು ಆಮೇಲೆ ಆಸ್ಪತ್ರೆಗೆ ಓಡಬೇಕು, ಎಣ್ಣೆ, ತುಪ್ಪ, ಎದೆಹಾಲು ಯಾವುದನ್ನೂ ಹಾಕಬಾರದು.) ಅಂಥ ಕಣ್ಣಿನ ಮೇಲೆ ಈ ಪೊರೆಯನ್ನು ಹೊದಿಸಿದರೆ ನೋವು ಇಳಿಯುತ್ತದೆ, ಉರಿಯೂತ ತಗ್ಗುತ್ತದೆ, ಹೊಸ ಕೋಶಗಳು ಹಬ್ಬಲು ಅದು ಹಾಸಾಗುತ್ತದೆ.

ತೆಗೆಯುವಾಗ ತಾಯಿಗೋ ಮಗುವಿಗೋ ನೋವಾಗಲ್ವಾ?

ಇಲ್ಲ. ಮಾಸು ತಾನಾಗಿಯೇ ಹೊರಬರಬೇಕಾದದ್ದು, ಮತ್ತು ಹೊರಬಂದ ಮೇಲಷ್ಟೇ ನನ್ನ ಕೈಗೆ ಬರುತ್ತದೆ. ದಾನಕ್ಕೆಂದು ಹೆರಿಗೆಯ ಸಮಯವನ್ನಾಗಲಿ ವಿಧಾನವನ್ನಾಗಲಿ ಬದಲಿಸುವುದಿಲ್ಲ. ಯಾರಾದರೂ ಬದಲಿಸಲು ಹೊರಟರೆ ಅದು ತಪ್ಪು. ತಾಯಿಗೆ ತಗಲುವ ಒಂದೇ ಒಂದು ಚುಚ್ಚು ಪರೀಕ್ಷೆಗೆಂದು ತೋಳಿನಿಂದ ತೆಗೆಯುವ ರಕ್ತದ್ದು.

ನಮ್ಮಲ್ಲಿ ಅದನ್ನ ಹಿತ್ತಲಲ್ಲಿ ಹೂಳ್ತಾರೆ. ಬೇರೆಯವರಿಗೆ ಕೊಟ್ಟರೆ ಮಗುವಿಗೆ ಕೆಡುಕಲ್ವಾ?

ಮನೆಯಲ್ಲಿ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮಾಸನ್ನು ಮಡಕೆಯಲ್ಲಿಟ್ಟು ನಾಯಿ ಕೆದಕದಷ್ಟು ಆಳದಲ್ಲಿ ಹೂಳುತ್ತಿದ್ದರು. ಅದು ಮಗುವಿನ ಜೊತೆಗೇ ಬಂದದ್ದು ಎಂಬ ಗೌರವ ಆ ಪದ್ಧತಿಯಲ್ಲಿತ್ತು. ಕಾಯಿಲೆ ಹರಡದಂತೆ ನೋಡಿಕೊಳ್ಳುವ ವಿವೇಕವೂ ಇತ್ತು. ಹಾಗಾಗಿ ಹೂಳಬೇಕೆನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. "ನಮ್ಮಜ್ಜಿ ಒಪ್ಪಲ್ಲ" ಎಂದು ಒಬ್ಬ ಬಾಣಂತಿ ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು.

ಕೆಡುಕಿನ ಮಾತಿಗೆ ಬಂದರೆ, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಮಾಸಿಗೂ ಮಗುವಿನ ದೇಹಕ್ಕೂ ಯಾವ ಸಂಬಂಧವೂ ಉಳಿಯುವುದಿಲ್ಲ. ಮಾಲೂರಿನ ಕಡೆಯ ಒಬ್ಬ ಅಜ್ಜಿ ಇದನ್ನು ನನಗಿಂತ ಚೆನ್ನಾಗಿ ಬಿಡಿಸಿದರು. ಮೊಮ್ಮಗಳು ನನ್ನ ಕಡೆಯೂ ಅಜ್ಜಿಯ ಕಡೆಯೂ ನೋಡುತ್ತಿದ್ದಾಗ, "ಹಳದಿ ಚೀಲಕ್ಕೆ ಹೋಗಿ ಸುಡೋದಕ್ಕಿಂತ ಯಾರದೋ ಕಣ್ಣಿಗೆ ಹೋಗಲಿ ಬಿಡೆ, ಮಣ್ಣಿಗೆ ಕೊಡೋಕೆ ನಮಗೀಗ ಹಿತ್ತಲಾದರೂ ಎಲ್ಲಿದೆ" ಎಂದುಬಿಟ್ಟರು.

ಇದನ್ನ ಮಾರ್ಕೊಂಡು ದುಡ್ಡು ಮಾಡ್ತೀರಂತೆ ಹೌದಾ? ತಾಯಿಗೆ ಎಷ್ಟು ಕೊಡ್ತೀರ?

ತಾಯಿಗೆ ಏನೂ ಕೊಡುವುದಿಲ್ಲ, ಕೊಡಲೂಬಾರದು. ಮಾನವ ಅಂಗಾಂಗ ಕಸಿ ಕುರಿತ 1994ರ ಕಾಯ್ದೆಗೆ 2011ರಲ್ಲಿ ಸಂಸತ್ತು ತಂದ ತಿದ್ದುಪಡಿ ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅಂಗಾಂಶಕ್ಕೆ ಹಣ ಕೊಡುವುದೂ ಪಡೆಯುವುದೂ ಶಿಕ್ಷಾರ್ಹ. ಪೊರೆಯನ್ನು ಬಳಸುವ ಆಸ್ಪತ್ರೆಯಿಂದ ಬ್ಯಾಂಕು ಪಡೆಯುವುದು ಪರೀಕ್ಷೆ, ಸಂಸ್ಕರಣೆ ಮತ್ತು ಸಂಗ್ರಹದ ವೆಚ್ಚ. ಆ ವೆಚ್ಚ ನ್ಯಾಯವಾದದ್ದೇ ಎಂದು ಕೇಳುವ ಹಕ್ಕು ಜನರಿಗೆ ಖಂಡಿತ ಇದೆ, ಕೇಳಬೇಕು ಕೂಡ.

ಅನುಮಾನ ಹುಟ್ಟಲು ಕಾರಣವೂ ಇದೆ. ಮಾಸಿನ ಸಾರದಿಂದ ತಯಾರಾದ ಔಷಧಗಳು ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಮಾರಾಟದಲ್ಲಿವೆ, ಮತ್ತು ಯಾರನ್ನೂ ಕೇಳದೆ ಮಾಸು ಸಾಗಿಸುತ್ತಿದ್ದ ಕಾಲದ ಕಥೆಗಳನ್ನು ಹಳೆಯ ಆಯಾಗಳು ಇಂದಿಗೂ ಹೇಳುತ್ತಾರೆ. ಅನುಮಾನಪಟ್ಟವರಿಗೆ ಒಪ್ಪಿಗೆ ಪತ್ರದ ಪ್ರತಿಯನ್ನೂ ಬ್ಯಾಂಕಿನ ನೋಂದಣಿಯ ಪ್ರತಿಯನ್ನೂ ಕೈಗೆ ಕೊಡುತ್ತೇನೆ.

## ಒಪ್ಪಿಗೆ ಮತ್ತು ಆಯ್ಕೆ

ನೋವು ಬಂದು ಒದ್ದಾಡ್ತಿರೋಳ ಹತ್ತಿರ ಸಹಿ ಹಾಕಿಸ್ಕೊಳ್ತೀರಾ?

ಇಲ್ಲ. ಹೆರಿಗೆ ನೋವು ಶುರುವಾದ ಮೇಲೆ ಹಾಕಿದ ಸಹಿಯನ್ನು ನಾನು ಒಪ್ಪಿಗೆ ಎಂದು ಎಣಿಸುವುದಿಲ್ಲ. ದಿನ ಗೊತ್ತು ಮಾಡಿದ ಸಿಸೇರಿಯನ್ ಆದರೆ ಹಿಂದಿನ ತಪಾಸಣೆಯ ದಿನವೇ, ತಾಯಿ ಕಾರ್ಡ್ ಹಿಡಿದು ಸರದಿಯಲ್ಲಿ ಕುಳಿತಿರುವಾಗ ಮಾತನಾಡುತ್ತೇನೆ. ಮನೆಗೆ ಹೋಗಿ ಯೋಚಿಸಿ ಬರಲು ಹೇಳುತ್ತೇನೆ. ಥಿಯೇಟರಿಗೆ ಹೋಗುವ ಮುನ್ನ ಇನ್ನೊಮ್ಮೆ ಕೇಳುತ್ತೇನೆ. ಆಗ ಬೇಡವೆಂದರೂ ಕಾರಣ ಕೇಳುವುದಿಲ್ಲ.

ಭಾಷೆಯ ತೊಡಕು ದೊಡ್ಡದು. ಒಪ್ಪಿಗೆ ಪತ್ರ ಕನ್ನಡದಲ್ಲಿದೆ. ಆದರೆ ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯಿಂದ ಬರುವ ಎಷ್ಟೋ ಮಂದಿಗೆ ಮನೆಮಾತು ತೆಲುಗು, ಇನ್ನು ಕೆಲವರಿಗೆ ಉರ್ದು. ಮೊದಮೊದಲು ನಾನು "ಮಾಸು" ಎಂದು ಓದುತ್ತಿದ್ದೆ; ಎಲ್ಲರೂ ತಲೆ ಆಡಿಸುತ್ತಿದ್ದರು; ಹಾಗೆ ತಲೆ ಆಡಿಸುವುದಕ್ಕೂ ಅರ್ಥವಾಗುವುದಕ್ಕೂ ಸಂಬಂಧವಿಲ್ಲವೆಂದು ತಿಳಿಯಲು ತಿಂಗಳುಗಳೇ ಹಿಡಿದವು. ತೆಲುಗಿನಲ್ಲಿ ಅದಕ್ಕೆ "ಮಾಯ" ಎನ್ನುತ್ತಾರೆ. ಆ ಪದ ಬಂದೊಡನೆ ಮುಖ ಬದಲಾಗುತ್ತದೆ, "ಓ, ಅದಾ" ಎಂದು ನಿಜವಾದ ಪ್ರಶ್ನೆಗಳು ಶುರುವಾಗುತ್ತವೆ. ಒಮ್ಮೆ ಮಾತ್ರ ಇದು ತಿರುಗುಬಾಣವಾಯಿತು: ಪಕ್ಕದಲ್ಲಿದ್ದ ಗಂಡನಿಗೆ ಕನ್ನಡವಷ್ಟೇ ಗೊತ್ತಿದ್ದು, ಆಸ್ಪತ್ರೆಯವರು ಏನನ್ನೋ ಮಾಯ ಮಾಡುತ್ತಾರೆಂದು ತಿಳಿದು ಜಗಳಕ್ಕೆ ನಿಂತಿದ್ದ.

ಕಾನೂನಿಗೆ ಬೇಕಾದದ್ದು ತಾಯಿಯ ಒಪ್ಪಿಗೆ. ಗಂಡ ಹೂಂ ಎಂದು ತಾಯಿ ಸುಮ್ಮನಿದ್ದರೆ ನಾನು ತೆಗೆದುಕೊಳ್ಳುವುದಿಲ್ಲ. ತಾಯಿ ಒಪ್ಪಿ ಅತ್ತೆ ಬೇಡವೆಂದು ಹಟ ಹಿಡಿದರೆ ಸಹಿ ಇದ್ದರೂ ಬಿಟ್ಟುಬಿಡುತ್ತೇನೆ. ಇದು ನಿಯಮದ ಮಾತಾಗಿರದೆ ನನ್ನ ಸ್ವಂತ ತೀರ್ಮಾನ. ಆ ಹುಡುಗಿ ವಾಪಸು ಹೋಗಿ ಬಾಳಬೇಕಾದದ್ದು ಆ ಮನೆಯಲ್ಲೇ ತಾನೇ.

ಎಲ್ಲರದ್ದೂ ತಗೊಳ್ತೀರಾ? ಯಾರದ್ದು ಬೇಡ ಅಂತೀರ?

ಬೇಡವೆನ್ನುವವರ ಪಟ್ಟಿಯೇ ಉದ್ದ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಈ ನಾಲ್ಕರಲ್ಲಿ ಯಾವುದಿದ್ದರೂ ಆಗದು. ತಾಯಿಗೆ ಜ್ವರವಿದ್ದರೆ, ನೀರು ಒಡೆದು ಬಹಳ ಹೊತ್ತಾಗಿದ್ದರೆ, ಮಗು ಹೊಟ್ಟೆಯೊಳಗೇ ಮಲ ವಿಸರ್ಜಿಸಿ ನೀರು ಹಸಿರಾಗಿದ್ದರೆ, ದಿನ ತುಂಬದ ಹೆರಿಗೆಯಾದರೆ, ತಾಯಿಗೆ ಕ್ಯಾನ್ಸರ್ ಇದ್ದಿದ್ದರೆ, ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿದ್ದರೆ, ಇವೆಲ್ಲ ಬೇಡದ ಕಾರಣಗಳು. ಸಹಜ ಹೆರಿಗೆಯಲ್ಲಿ ಮಾಸು ಬರುವ ದಾರಿಯಲ್ಲೇ ರೋಗಾಣುಗಳು ಸೇರಿಕೊಳ್ಳುವುದರಿಂದ ಹೆಚ್ಚಿನ ಬ್ಯಾಂಕುಗಳು ಯೋಜಿತ ಸಿಸೇರಿಯನ್ ಅನ್ನೇ ಬಯಸುತ್ತವೆ. ಇದನ್ನು ಕೇಳಿ, ದಾನ ಮಾಡಲೆಂದೇ ಸಿಸೇರಿಯನ್ ಮಾಡಿಸಿಕೊಳ್ಳಬಹುದೇ ಎಂದು ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ.

ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೂ ಕಥೆ ಮುಗಿಯುವುದಿಲ್ಲ. ಸೋಂಕು ತಗಲಿದ ಹೊಸದರಲ್ಲಿ ಪರೀಕ್ಷೆಗೆ ಸಿಗದ ಅವಧಿಯೊಂದಿರುವುದರಿಂದ ಕೆಲವು ಬ್ಯಾಂಕುಗಳು ಪೊರೆಯನ್ನು ತಡೆಹಿಡಿದು, 6 ತಿಂಗಳ ನಂತರ ತಾಯಿಯ ರಕ್ತವನ್ನು ಮತ್ತೆ ಪರೀಕ್ಷಿಸಿಯೇ ಬಿಡುಗಡೆ ಮಾಡುತ್ತವೆ. ನಮ್ಮ ಕಡೆ ಇದು ಬಲು ಕಷ್ಟ. ಹೆರಿಗೆಯಾದವಳು ತವರಿನಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗಿರುತ್ತಾಳೆ, ಫೋನ್ ನಂಬರ್ ಬದಲಾಗಿರುತ್ತದೆ. ಸರ್ಕಾರಿ ಲಸಿಕಾ ಪಟ್ಟಿಯಲ್ಲಿ 14ನೇ ವಾರದ ನಂತರ 9ನೇ ತಿಂಗಳವರೆಗೆ ಯಾವ ಲಸಿಕೆಯೂ ಇಲ್ಲವಾದ್ದರಿಂದ ಆಸ್ಪತ್ರೆಗೆ ಬರಲು ಅವಳಿಗೆ ನೆಪವೂ ಇಲ್ಲ. ಅದಕ್ಕೇ ತವರಿನ ನಂಬರ್, ಗಂಡನ ಮನೆಯ ನಂಬರ್ ಎರಡನ್ನೂ ಮೊದಲೇ ಬರೆದುಕೊಳ್ಳುತ್ತೇನೆ. ಆಶಾ ಕಾರ್ಯಕರ್ತೆಯ ಮೂಲಕ ಹೇಳಿ ಕಳಿಸಿದರೆ "ಫೋನ್ ಮಾಡಬೇಕಂತೆ" ಎಂಬಷ್ಟೇ ಸುದ್ದಿ ಕಳಿಸುತ್ತೇನೆ, ಕಾರಣ ಹೇಳುವುದಿಲ್ಲ.

ಎಚ್‌ಐವಿ ಪರೀಕ್ಷೆ ಮಾಡ್ತೀರಂತೆ. ರಿಸಲ್ಟ್ ಯಾರಿಗೆ ಹೇಳ್ತೀರ?

ನಾನು ಯಾರಿಗೂ ಹೇಳುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಪರೀಕ್ಷೆಗೆ ತಿಳಿದು ಕೊಟ್ಟ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ಸೋಂಕು ಕಂಡುಬಂದರೆ ವೈದ್ಯರು ಅಥವಾ ಆಪ್ತಸಮಾಲೋಚಕರು ತಾಯಿಯೊಬ್ಬಳಿಗೇ ತಿಳಿಸಿ ಚಿಕಿತ್ಸೆಗೆ ಕಳಿಸುತ್ತಾರೆ. ಸಂಬಂಧಿಕರ ಎದುರು "ನಿಮ್ಮದು ಆಗಲ್ಲ" ಎಂದು ಬಾಯಿ ತಪ್ಪಿ ಹೇಳಿದರೂ ಅನುಮಾನಕ್ಕೆ ದಾರಿಯಾಗುತ್ತದೆ. ಆದ್ದರಿಂದ ತೆಗೆದುಕೊಳ್ಳದಿರುವ ಎಲ್ಲ ಸಂದರ್ಭಗಳಲ್ಲೂ, ಕಾರಣ ಏನೇ ಇರಲಿ, ನಾನು ಹೇಳುವ ವಾಕ್ಯ ಒಂದೇ: "ಈ ಸಲ ನಮಗೆ ಅನುಕೂಲವಾಗಲಿಲ್ಲಮ್ಮ."

## ಥಿಯೇಟರಿನ ಒಳಗೆ ಮತ್ತು ದಾರಿಯಲ್ಲಿ

ಆಪರೇಷನ್ ನಡೆಯುವಾಗ ನೀವು ಎಲ್ಲಿರ್ತೀರ? ಒಂದೊಂದಾಗಿ ಹೇಳಿ.

ಗೋಡೆಯ ಪಕ್ಕದಲ್ಲಿ, ಶಸ್ತ್ರಚಿಕಿತ್ಸೆಯ ಮೇಜಿನಿಂದ ದೂರ, ಯಾರ ಓಡಾಟಕ್ಕೂ ಅಡ್ಡವಾಗದ ಜಾಗದಲ್ಲಿ. ಮಗು ಹೊರಬರುತ್ತದೆ, ಬಳ್ಳಿಯನ್ನು ಕಟ್ಟುತ್ತಾರೆ, ಕತ್ತರಿಸುತ್ತಾರೆ, ಮಗು ವಾರ್ಮರಿನ ಕಡೆಗೆ ಹೋಗುತ್ತದೆ, ಆಮೇಲೆ ಮಾಸು. ಆಗಲೂ ನಾನು ಕೈ ಚಾಚುವಂತಿಲ್ಲ. ವೈದ್ಯರು ಮೊದಲು ಅದನ್ನು ತಿರುಗಿಸಿ ನೋಡಬೇಕು. ತಾಯಿಯ ಕಡೆಯ ಮೈ ಕಡುಗೆಂಪು, ಹದಿನೈದಿಪ್ಪತ್ತು ಹಾಲೆಗಳಾಗಿ ಒಂದಕ್ಕೊಂದು ಒತ್ತಿಕೊಂಡಿರುತ್ತದೆ. ಒಂದು ಹಾಲೆ ಕಾಣೆಯಾಗಿದ್ದರೆ ಅದು ಗರ್ಭಕೋಶದಲ್ಲೇ ಉಳಿದಿದೆ ಎಂದರ್ಥ, ರಕ್ತಸ್ರಾವಕ್ಕೆ ಅದೇ ಕಾರಣವಾಗಬಹುದು. ಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ ಇವೆಯೇ ಎಂದೂ ಎಣಿಸುತ್ತಾರೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಪ್ರಸಿದ್ಧರು. ಅಂಥ ಸೂಲಗಿತ್ತಿಯರ ಕಾಲದಿಂದಲೂ ಮಾಸು ಪೂರ್ತಿ ಬಿದ್ದಿತೇ ಎಂಬುದೇ ಹೆರಿಗೆಯ ಕೊನೆಯ ಪ್ರಶ್ನೆ. ಥಿಯೇಟರಿನಲ್ಲಿ ಅದಕ್ಕೆ ಉತ್ತರ ಸಿಗುವವರೆಗೆ ಮಾಸು ತಾಯಿಯ ಚಿಕಿತ್ಸೆಗೆ ಸೇರಿದ್ದು, ನನ್ನದಲ್ಲ. ವೈದ್ಯರು ಅನುಮಾನಪಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕೆಂದರೆ ಆ ದಿನದ ನನ್ನ ಕೆಲಸ ಅಲ್ಲಿಗೇ ಮುಗಿಯಿತು.

ಪೂರ್ತಿ ಇದೆ ಎಂದಾದ ಮೇಲೆ ನರ್ಸ್ ಅದನ್ನು ಶುದ್ಧೀಕರಿಸಿದ ಬೋಗುಣಿಯಲ್ಲಿ ನನ್ನ ಕಡೆಗೆ ಕೊಡುತ್ತಾರೆ. ಸುಮಾರು ಅರ್ಧ ಕೆ.ಜಿ. ತೂಕ, ಇನ್ನೂ ಬೆಚ್ಚಗಿರುತ್ತದೆ. ಮೊದಲ ಸಲ ಹಿಡಿದವರು ಬೆಚ್ಚುವುದು ಆ ಬಿಸಿಗೇ. ಸಲೈನ್‌ನಲ್ಲಿ ಮೆಲ್ಲಗೆ ತೊಳೆದು ರಕ್ತದ ಗಟ್ಟಿಗಳನ್ನು ತೆಗೆಯುತ್ತೇನೆ. ಉಜ್ಜಿದರೆ ಪೊರೆ ಹರಿಯುತ್ತದೆ. ಆಮೇಲೆ ಪ್ರತಿಜೀವಕ ಬೆರೆಸಿದ ದ್ರಾವಣವಿರುವ ಡಬ್ಬಿಗೆ ಇಳಿಸಿ, ಮುಚ್ಚಳ ಬಿಗಿದು, ಎರಡು ಚೀಲಗಳಲ್ಲಿ ಕಟ್ಟಿ, ಗಂಟೆ ನಿಮಿಷ ಬರೆಯುತ್ತೇನೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಅದನ್ನ ಬೆಂಗಳೂರಿಗೆ ಹೇಗೆ ಒಯ್ತೀರ? ದಾರೀಲಿ ಕೆಡಲ್ವಾ?

ಕೋಲಾರದಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 70 ಕಿಲೋಮೀಟರ್; ದೂರಕ್ಕಿಂತ ನಮ್ಮನ್ನು ಕಾಡುವುದು ಹೊಸಕೋಟೆ ದಾಟಿದ ಮೇಲಿನ ವಾಹನಗಳ ಸಾಲು, ಟೊಮೆಟೊ ಸುಗ್ಗಿಯಲ್ಲಿ ಲಾರಿಗಳು. ಡಬ್ಬಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಬಿಸಿಯಾದರೆ ರೋಗಾಣು ಬೆಳೆಯುತ್ತದೆ ಎಂದು ಎಲ್ಲರಿಗೂ ಗೊತ್ತು; ಸಂಸ್ಕರಿಸುವ ಮೊದಲೇ ಹೆಪ್ಪುಗಟ್ಟಿದರೂ ಪೊರೆ ಹಾಳು ಎಂಬುದನ್ನು ಹೊಸಬರು ಮರೆಯುತ್ತಾರೆ. ಹಾಗಾಗಿ ಐಸ್ ಪ್ಯಾಕ್ ಡಬ್ಬಿಗೆ ನೇರವಾಗಿ ತಾಗದಂತೆ ನಡುವೆ ಬಟ್ಟೆಯ ಪದರ ಇಡುತ್ತೇವೆ, ತಾಪಮಾನ ದಾಖಲಿಸುವ ಪುಟ್ಟ ಯಂತ್ರವನ್ನು ಒಳಗೇ ಬಿಡುತ್ತೇವೆ.

ನಾನು ಮಾಡಿದ ದೊಡ್ಡ ತಪ್ಪಿಗೂ ತಾಪಮಾನಕ್ಕೂ ಸಂಬಂಧವಿರಲಿಲ್ಲ. ಒಂದು ಆಸ್ಪತ್ರೆಯಲ್ಲಿ ಒಂದೇ ಗಂಟೆಯೊಳಗೆ ಎರಡು ಸಿಸೇರಿಯನ್ ಇದ್ದವು. ಸಮಯ ಉಳಿಸಲೆಂದು ಗುರುತಿನ ಚೀಟಿಗಳನ್ನು ಮೊದಲೇ ಬರೆದು ಡಬ್ಬಿಗಳ ಮುಚ್ಚಳದ ಮೇಲೆ ಅಂಟಿಸಿಟ್ಟಿದ್ದೆ. ಎರಡನೆಯದನ್ನು ಮುಚ್ಚುವಾಗ ಮೇಜಿನ ಮೇಲೆ ಎರಡು ಮುಚ್ಚಳಗಳು ಅಕ್ಕಪಕ್ಕ ಬಿದ್ದಿದ್ದವು. ಸರಿಯಾದದ್ದನ್ನೇ ಹಾಕಿದ್ದೆ ಎಂದು ಈಗಲೂ ಅನ್ನಿಸುತ್ತದೆ. ಆದರೆ ಅನ್ನಿಸುವುದು ಸಾಲದು. ಹೆದ್ದಾರಿಯಲ್ಲಿ ನರಸಾಪುರ ದಾಟುವಾಗ ಆ ಅನುಮಾನ ಹುಟ್ಟಿತು. ಬ್ಯಾಂಕು ತಲುಪಿದೊಡನೆ ಹೇಳಿದೆ. ಎರಡನ್ನೂ ನಾಶ ಮಾಡಿದರು. ಅಂದಿನಿಂದ ಚೀಟಿ ಡಬ್ಬಿಯ ಮೈಗೆ, ಅದೂ ಮಾಸು ಒಳಗೆ ಬಿದ್ದ ಮೇಲೆ, ಇನ್ನೊಬ್ಬರು ತಾಯಿಯ ಆಸ್ಪತ್ರೆ ಸಂಖ್ಯೆಯನ್ನು ಗಟ್ಟಿಯಾಗಿ ಓದಿದ ಮೇಲೆ.

ಹೊಕ್ಕುಳಬಳ್ಳಿ ರಕ್ತಾನೂ ತೆಗೀತಾರಲ್ಲ, ಅದರಿಂದ ಮಗುವಿಗೆ ರಕ್ತ ಕಡಿಮೆ ಆಗಲ್ವಾ?

ಬಹಳ ಸರಿಯಾದ ಪ್ರಶ್ನೆ. ಈ ಕೆಲಸಕ್ಕೆ ಬರುವ ಮೊದಲು ಎರಡು ವರ್ಷ ನಾನು ರಕ್ತರೋಗಿಗಳ ಕಸಿಗೆ ಬಳಸುವ ಬಳ್ಳಿ ರಕ್ತ ಸಂಗ್ರಹಿಸುತ್ತಿದ್ದೆ. ಬಳ್ಳಿಯನ್ನು ಕಟ್ಟಿ ಕತ್ತರಿಸಿದ ಮೇಲೆ ಮಾಸಿನ ಕಡೆ ಉಳಿದ ತುದಿಯನ್ನು ಶುದ್ಧಗೊಳಿಸಿ, ಅಭಿಧಮನಿಗೆ ಸೂಜಿ ಚುಚ್ಚಿ, ಚೀಲವನ್ನು ಕೆಳಗೆ ಹಿಡಿದು, ರಕ್ತ ಗಟ್ಟಿಯಾಗದಂತೆ ಮೆಲ್ಲಗೆ ತೂಗುತ್ತಿದ್ದೆವು. ತೆಗೆಯುವ ರಕ್ತ ಮಾಸಿನಲ್ಲಿ ಉಳಿದದ್ದೇ ಹೊರತು ಮಗುವಿನ ಮೈಯಿಂದ ಎಳೆದದ್ದಲ್ಲ.

ತೊಂದರೆ ಇರುವುದು ಯಾವಾಗ ಕಟ್ಟುತ್ತಾರೆ ಎಂಬುದರಲ್ಲಿ. ಬಳ್ಳಿಯನ್ನು 1ರಿಂದ 3 ನಿಮಿಷ ಬಿಟ್ಟು ಕಟ್ಟಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹೊತ್ತಿನಲ್ಲಿ ಮಾಸಿನ ರಕ್ತ ಮಗುವಿಗೆ ಹರಿದು ಮುಂದಿನ ತಿಂಗಳುಗಳಿಗೆ ಕಬ್ಬಿಣದ ದಾಸ್ತಾನಾಗುತ್ತದೆ. ಬೇಗ ಕಟ್ಟಿದಷ್ಟೂ ಚೀಲ ತುಂಬುತ್ತದೆ, ತಡೆದಷ್ಟೂ ಮಗು ತುಂಬಿಕೊಳ್ಳುತ್ತದೆ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮಂಥ ಕಡೆ ಯಾವುದು ಮೊದಲೆಂದು ಕೇಳಬೇಕಾಗಿಯೇ ಇಲ್ಲ. ಚೀಲ ಹಗುರವಾಗಿ ಬಂದಾಗಲೆಲ್ಲ ಮೇಲಿನವರಿಂದ ಬೈಗುಳ ಕೇಳುತ್ತಿದ್ದೆ. ಆ ಕೆಲಸ ಬಿಡಲು ಅದೂ ಒಂದು ಕಾರಣ.

ದುಡ್ಡು ಕಟ್ಟಿ ನಮ್ಮ ಮಗುವಿನ ಬಳ್ಳಿ ರಕ್ತ ಇಡಿಸಿ ಅಂತಾರೆ. ಇಡಿಸಬೇಕಾ?

1988ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಳ್ಳಿ ರಕ್ತದ ಕಸಿ ನಡೆದಾಗ ಗುಣವಾದದ್ದು ಫ್ಯಾಂಕೋನಿ ರಕ್ತಹೀನತೆ ಎಂಬ ಆನುವಂಶಿಕ ಕಾಯಿಲೆಯಿದ್ದ ಹುಡುಗ. ರಕ್ತ ಬಂದದ್ದು ಹೊಸದಾಗಿ ಹುಟ್ಟಿದ ಅವನ ತಂಗಿಯಿಂದ. ಈ ವಿವರ ಮುಖ್ಯ. ಆನುವಂಶಿಕ ಕಾಯಿಲೆಯಿರುವ ಮಗುವಿನ ಬಳ್ಳಿ ರಕ್ತದಲ್ಲೂ ಅದೇ ದೋಷವಿರುವುದರಿಂದ ಅದು ಆ ಮಗುವಿನ ಉಪಯೋಗಕ್ಕೇ ಬಾರದು. ಮುಂದೆಂದೋ ತಮಗೇ ಬೇಕಾದೀತೆಂದು ಖಾಸಗಿಯಾಗಿ ಇಡಿಸುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಥಲಸ್ಸೇಮಿಯಾದಂಥ ಕಾಯಿಲೆಯ ಮಗುವಿದ್ದು, ಹುಟ್ಟಲಿರುವುದು ಅದರ ಒಡಹುಟ್ಟಾದರೆ ಮಾತ್ರ ರಕ್ತರೋಗ ತಜ್ಞರನ್ನು ಕೇಳಿ ನಿರ್ಧರಿಸಬಹುದು. ಹೊಕ್ಕುಳಬಳ್ಳಿಯ ತುಂಡು, ಹಲ್ಲು, ಮಾಸು ಇವುಗಳ ಕಾಂಡಕೋಶಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ದುಡ್ಡಿಗೆ ಕಾಪಿಡುತ್ತೇವೆಂಬ ವ್ಯಾಪಾರಕ್ಕೆ ಮಂಡಳಿಯ 2017ರ ಮಾರ್ಗಸೂಚಿ ಅವಕಾಶವನ್ನೇ ಕೊಟ್ಟಿಲ್ಲ. ಸಾಲ ಮಾಡಿ ಕಂತು ಕಟ್ಟುವವರನ್ನು ಕಂಡಿದ್ದೇನೆ; ಆ ಹಣ ಬಾಣಂತಿಯ ಊಟಕ್ಕೆ ಹೋಗಿದ್ದರೆ ಚೆನ್ನಾಗಿತ್ತು.

## ಈ ಕೆಲಸಕ್ಕೆ ಬರಬೇಕೆನ್ನುವವರಿಗೆ

ನಾನು ಡಿಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ) ಮಾಡಿದೀನಿ. ನನಗೆ ಈ ಕೆಲಸ ಸಿಗತ್ತಾ?

ಸಿಗಬಹುದು. ಲ್ಯಾಬ್ ಟೆಕ್ನಾಲಜಿ, ಆಪರೇಷನ್ ಥಿಯೇಟರ್ ಟೆಕ್ನಾಲಜಿ ಅಥವಾ ನರ್ಸಿಂಗ್ ಓದಿದವರನ್ನು ಬ್ಯಾಂಕುಗಳು ತೆಗೆದುಕೊಂಡು ತಾವೇ ತರಬೇತಿ ಕೊಡುತ್ತವೆ. ಲ್ಯಾಬಿನಿಂದ ಬಂದವರಿಗೆ ಥಿಯೇಟರಿನ ಶಿಸ್ತು ಕಲಿಯುವುದು ಕಷ್ಟ, ಥಿಯೇಟರಿನವರಿಗೆ ಕಾಗದಪತ್ರ ಕಷ್ಟ. ಸೇರುವಾಗ ಸಂಬಳದ ಮೊತ್ತಕ್ಕಿಂತ ಮುಖ್ಯವಾಗಿ ಒಂದನ್ನು ಕೇಳಿ: ಸಂಬಳ ತಿಂಗಳಿಗೆ ಇಷ್ಟೆಂದು ಗೊತ್ತಿದೆಯೇ, ಅಥವಾ ತಂದ ಮಾಸಿನ ಲೆಕ್ಕಕ್ಕೆ ಕೊಡುತ್ತಾರೆಯೇ. ಲೆಕ್ಕಕ್ಕೆ ದುಡಿಯುವವರಿಗೆ ಬೇಡದ್ದನ್ನು ಬೇಡವೆನ್ನುವ ಧೈರ್ಯ ಬಾರದು, ಸಹಿಗಾಗಿ ಒತ್ತಾಯಿಸುವ ಚಟವೂ ಅಂಟಿಕೊಳ್ಳುತ್ತದೆ. ಅಂಥ ಕಡೆ ಸೇರಬೇಡಿ ಎನ್ನುತ್ತೇನೆ.

ರಕ್ತ ನೋಡಿದರೆ ತಲೆ ಸುತ್ತತ್ತೆ. ಅಭ್ಯಾಸ ಆಗತ್ತಾ?

ಬಹುಮಂದಿಗೆ ಆಗುತ್ತದೆ. ತಿಂಡಿ ತಿನ್ನದೆ ಥಿಯೇಟರಿಗೆ ಹೋಗಬೇಡಿ.

ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕು?

ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ಬಾಯಿಗಿಡಬಾರದು. ಕೂಡಲೇ ಮೇಲಧಿಕಾರಿಗೂ ವೈದ್ಯರಿಗೂ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಆದಷ್ಟು ಬೇಗ, ಹೇಗಿದ್ದರೂ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್‌ಗಳನ್ನು ಕೆಲಸಕ್ಕೆ ಸೇರುವ ಮುನ್ನವೇ ಮುಗಿಸಿಕೊಂಡಿರುವುದು ಲೇಸು.

ಮಗು ಉಳಿಯದಿದ್ದರೆ ಆಗ ನೀವು ಏನು ಮಾಡ್ತೀರ?

ಹೊರಟುಬಿಡುತ್ತೇನೆ. ಒಪ್ಪಿಗೆ ಪತ್ರವನ್ನು ರದ್ದು ಎಂದು ಬರೆದು ಫೈಲಿಗೆ ಸೇರಿಸುತ್ತೇನೆ. ಐಸ್ ಬಾಕ್ಸ್ ಹಿಡಿದು ಆ ಮನೆಯವರ ಕಣ್ಣೆದುರು ನಡೆಯಬಾರದೆಂದು ಹಿಂಬಾಗಿಲಿನಿಂದ ಹೋಗುತ್ತೇನೆ. ಒಮ್ಮೆ ಒಬ್ಬ ತಂದೆ ಹಿಂದೆಯೇ ಬಂದು, "ಅದನ್ನಾದರೂ ತಗೊಂಡು ಹೋಗಿ ಮೇಡಂ, ಯಾರಿಗಾದರೂ ಆಗಲಿ" ಎಂದರು. ವೈದ್ಯರು ಕಾರಣ ತಿಳಿಯಲು ಮಾಸನ್ನು ಪರೀಕ್ಷೆಗೆ ಕಳಿಸಿದ್ದರು. ಆಗುವುದಿಲ್ಲವೆಂದು ಹೇಳಬೇಕಾಯಿತು, ಹೇಳಿದೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಅವರ ಜೊತೆ ಕುಳಿತಿದ್ದೆ.

## ಇನ್ನಷ್ಟು ತಿಳಿಯಬೇಕೆನ್ನುವವರಿಗೆ

ಬ್ಯಾಂಕಿಗೆ ಹೋದ ಮೇಲೆ ಅದಕ್ಕೆ ಏನೇನು ಮಾಡ್ತಾರೆ?

ಶುದ್ಧ ಗಾಳಿಯ ಕೋಣೆಯಲ್ಲಿ ಆಮ್ನಿಯಾಟಿಕ್ ಪೊರೆಯನ್ನು ಅದರ ಹಿಂದಿನ ಕೋರಿಯಾನ್ ಪದರದಿಂದ ಬೆರಳಿನಿಂದಲೇ ಬಿಡಿಸುತ್ತಾರೆ, ಕತ್ತರಿ ಬೇಕಿಲ್ಲ. ಹಲವು ಬಾರಿ ತೊಳೆದು, ರೋಗಾಣು ಇದೆಯೇ ಎಂದು ಕಲ್ಚರ್ ಪರೀಕ್ಷೆಗೆ ತುಂಡು ಕಳಿಸಿ, ವಿಶೇಷ ಕಾಗದದ ಮೇಲೆ ಹರಡಿ ಅಳತೆಗೆ ಕತ್ತರಿಸುತ್ತಾರೆ. ಮುಂದೆ ಎರಡು ದಾರಿ. ಒಂದು, ಗ್ಲಿಸರಾಲ್ ಬೆರೆತ ದ್ರಾವಣದಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡುವುದು. ಕಣ್ಣಿನ ಆಸ್ಪತ್ರೆಗಳಲ್ಲಿ ಇದು ರೂಢಿ. ಇನ್ನೊಂದು, ಹೆಪ್ಪುಗಟ್ಟಿಸಿ ಒಣಗಿಸಿ ಗಾಮಾ ಕಿರಣದಿಂದ, ಸಾಮಾನ್ಯವಾಗಿ 25 ಕಿಲೋಗ್ರೇ ಪ್ರಮಾಣದಲ್ಲಿ, ರೋಗಾಣುಮುಕ್ತ ಮಾಡುವುದು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಲ್ಲಿ ಶುರುವಾದ ಟಿಶ್ಯೂ ಬ್ಯಾಂಕು ಈ ಎರಡನೆಯ ದಾರಿಯಲ್ಲಿ ನಡೆದದ್ದು. ಒಣಗಿಸಿದ ಪೊರೆಗೆ ಫ್ರೀಜರ್ ಬೇಡ, ಕರೆಂಟ್ ಹೋದರೆ ಚಿಂತೆಯಿಲ್ಲ. ತಾಲ್ಲೂಕು ಆಸ್ಪತ್ರೆಗಳ ಮಟ್ಟಿಗೆ ಇದೇ ವಾಸಿ.

ಬೇರೆಯವರ ಪೊರೆಯನ್ನ ದೇಹ ಒಪ್ಪತ್ತಾ? ರಕ್ತದ ಗುಂಪು ಹೊಂದಿಸಬೇಡವಾ?

ಬೇಡ. ಕಿಡ್ನಿ ಕಸಿಯಲ್ಲಿ ದೇಹ ಪರಕೀಯವೆಂದು ಗುರುತಿಸುವ ಪ್ರೋಟೀನುಗಳು ಈ ಪೊರೆಯ ಕೋಶಗಳ ಮೇಲೆ ತೀರಾ ಕಡಿಮೆ. ರಕ್ತನಾಳಗಳೂ ಇಲ್ಲದ್ದರಿಂದ ರಕ್ತದ ಗುಂಪಿನ ಮಾತು ಬರುವುದಿಲ್ಲ. ತಂದೆಯ ಅರ್ಧ ಅಂಶ ಹೊತ್ತ ಮಗುವನ್ನು ತಾಯಿಯ ದೇಹ ಒಂಬತ್ತು ತಿಂಗಳು ಸಹಿಸಿಕೊಳ್ಳಲು ಮಾಸು ಮತ್ತು ಪೊರೆಗಳ ಈ ಗುಣವೂ ಒಂದು ಕಾರಣ. ಅದೂ ಅಲ್ಲದೆ, ಸಂಸ್ಕರಣೆಯಲ್ಲಿ ಕೋಶಗಳು ಹೆಚ್ಚುಕಡಿಮೆ ಸತ್ತಿರುತ್ತವೆ. ಕೆಲಸ ಮಾಡುವುದು ಉಳಿದ ಜಾಲರಿ ಮತ್ತು ಅದರಲ್ಲಿರುವ ಬೆಳವಣಿಗೆಯ ಅಂಶಗಳು. ಕಣ್ಣಿನ ಮೇಲೆ ಹೊದಿಸಿದ್ದು ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ.

ಪೊರೆಯ ಎರಡು ಮುಖ ನೋಡೋಕೆ ಒಂದೇ ಥರ ಇರುತ್ತೆ. ಯಾವುದು ಮೇಲು, ಯಾವುದು ಕೆಳಗೆ ಅಂತ ಹೇಗೆ ಗೊತ್ತಾಗತ್ತೆ?

ಒಂದು ಮುಖ ಕೋಶಗಳ ಪದರ, ಮಗುವಿನ ಕಡೆಯದು, ನಯವಾಗಿ ಹೊಳೆಯುತ್ತದೆ. ಇನ್ನೊಂದು ಜಿಗುಟು. ಒದ್ದೆಯಾಗಿ ಹರಡಿದಾಗ ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ, ಬೆಳಕಿಗೆ ಹಿಡಿದರೂ ಅಷ್ಟೇ. ಶಸ್ತ್ರಚಿಕಿತ್ಸಕರಿಗೆ ಯಾವ ಮುಖ ಕಣ್ಣಿಗೆ ತಾಗಬೇಕೆಂಬುದು ಮುಖ್ಯವಾದ್ದರಿಂದ ಬ್ಯಾಂಕಿನಲ್ಲಿ ನಯವಾದ ಮುಖವನ್ನು ಮೇಲಾಗಿಸಿ ಕಾಗದಕ್ಕೆ ಅಂಟಿಸುವುದು ವಾಡಿಕೆ. ಅನುಮಾನ ಬಂದರೆ ಮೂಲೆಯೊಂದಕ್ಕೆ ಒಣ ಸ್ಪಂಜಿನ ತುದಿಯನ್ನು ಮೆಲ್ಲಗೆ ತಾಗಿಸಿ ಎತ್ತಬೇಕು. ನಯವಾದ ಮುಖವಾದರೆ ಸ್ಪಂಜು ಸುಮ್ಮನೆ ಬಿಟ್ಟುಬರುತ್ತದೆ. ಜಿಗುಟು ಮುಖವಾದರೆ ಸ್ಪಂಜಿನ ಹಿಂದೆಯೇ ಬಿಸಿನೀರಿನಲ್ಲಿ ನೆನೆದ ರೇಷ್ಮೆಗೂಡಿನಿಂದ ಎದ್ದಂತೆ ಸಣ್ಣದೊಂದು ಎಳೆ ಎದ್ದು ಬರುತ್ತದೆ.